ಬೇಡ ಎನ್ನುವ ಸ್ವಾತಂತ್ರ್ಯ

(ಪುಣೆಯ ಕನ್ನಡಿಗರ ಒಂದು ಭಾನುವಾರದ ಕೂಟದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಜಗಳಕ್ಕೆ ಎಡೆಮಾಡಿದ್ದನ್ನು ಹಾಗೆಯೇ ಬಿಟ್ಟಿದ್ದೇನೆ.)

ಸಭೆಯಲ್ಲಿರುವ ಹಿರಿಯರಿಗೂ ಕಿರಿಯರಿಗೂ ನಮಸ್ಕಾರ.

ಮುಕ್ತ ಮಾರುಕಟ್ಟೆಯ ಪರವಾಗಿ ನಾಲ್ಕು ಮಾತು ಹೇಳಿ ಎಂದು ನನ್ನನ್ನು ಕರೆದಿದ್ದೀರಿ. ಈ ಪಕ್ಷ ವಹಿಸುವವರು ಸಾಮಾನ್ಯವಾಗಿ ಫಲದ ಲೆಕ್ಕ ಮುಂದಿಡುತ್ತಾರೆ. ಹಿಂಜವಡಿಯ ಕಟ್ಟಡಗಳನ್ನು ನೋಡಿ, ಎಲ್ಲರ ಕೈಯಲ್ಲಿರುವ ಮೊಬೈಲ್ ನೋಡಿ, ಚಾಕಣದ ಕಾರ್ಖಾನೆಗಳನ್ನು ನೋಡಿ ಎನ್ನುತ್ತಾರೆ. ಎದುರು ಪಕ್ಷದವರು ನ್ಯಾಯ, ಕರುಣೆ, ಸಮಾನತೆ ಎನ್ನುತ್ತಾರೆ. ಹೀಗೆ ಹಣದ ಮಾತು ನಮಗೆ, ನೀತಿಯ ಮಾತು ಅವರಿಗೆ ಎಂದು ಯಾವಾಗಲೋ ಪಾಲುಪಟ್ಟಿಯಾಗಿಬಿಟ್ಟಿದೆ. ಆ ಪಾಲುಪಟ್ಟಿಗೆ ನಾನು ಸಹಿ ಹಾಕಿಲ್ಲ. ಯೋಜಿತ ಅರ್ಥವ್ಯವಸ್ಥೆಯಲ್ಲೂ ಇಷ್ಟೇ ಸಂಪತ್ತು ಬರುತ್ತದೆ ಎಂದು ಯಾರಾದರೂ ನಾಳೆ ಸಾಧಿಸಿ ತೋರಿಸಿದರೂ ನಾನು ಮಾರುಕಟ್ಟೆಯ ಪಕ್ಷದಲ್ಲೇ ಉಳಿಯುತ್ತೇನೆ. ಕಾರಣ ಒಂದೇ: ಒಬ್ಬ ಸಾಧಾರಣ ಮನುಷ್ಯ ತನಗಿಂತ ಬಲವಾದವನ ಮುಖ ನೋಡಿ 'ಬೇಡ' ಎಂದು ಹೇಳಿ, ಶಿಕ್ಷೆಯಿಲ್ಲದೆ ಹೊರಗೆ ನಡೆಯಬಹುದಾದ ಸ್ಥಳಗಳು ನಮ್ಮ ಸಮಾಜದಲ್ಲಿ ಬಹಳ ಕಡಿಮೆ. ಮನೆಯಲ್ಲಿ ಕಷ್ಟ, ಜಾತಿಯಲ್ಲಿ ಇನ್ನೂ ಕಷ್ಟ, ಸರ್ಕಾರಿ ಕಚೇರಿಯಲ್ಲಂತೂ ಕೇಳಬೇಡಿ. ಮಾರುಕಟ್ಟೆ ಸರಿಯಾಗಿ ನಡೆಯುವಲ್ಲಿ ಮಾತ್ರ ಅದು ದಿನನಿತ್ಯದ ಸಂಗತಿ. ಬೆಲೆ ಕೇಳಿ, ಒಪ್ಪಿಗೆಯಾಗದಿದ್ದರೆ ಮುಂದಿನ ಅಂಗಡಿಗೆ ಹೋಗುತ್ತೇವೆ. ಇದರ ಹಿಂದೆ ಒಂದು ದೊಡ್ಡ ನೀತಿ ಇದೆ ಎಂದು ನಮಗೆ ಹೊಳೆಯುವುದೂ ಇಲ್ಲ.

ಅದು ಇಲ್ಲದ ಕಾಲ ಹೇಗಿತ್ತು ಎಂಬುದನ್ನು ಇಲ್ಲಿರುವ ಕಿರಿಯರು ನೋಡಿಲ್ಲ.

ನಾನು 1970ರ ದಶಕದಲ್ಲಿ ಗದಗ ಕಡೆಯಿಂದ ಈ ಊರಿಗೆ ಬಂದು ಭೋಸರಿಯಲ್ಲಿ ಒಂದು ಶೆಡ್ ಹಿಡಿದವನು. ಹರಿಹರದ ಮೈಸೂರು ಕಿರ್ಲೋಸ್ಕರ್ ಲೇಥ್ ಒಂದನ್ನು ಹಳೆಯದಾಗಿ ಕೊಂಡು ಪಿನ್ನು, ಬುಷ್ಷು ತಿರುವುವ ಜಾಬ್‌ವರ್ಕ್ ಶುರುಮಾಡಿದೆ. ಆಗ ಇಲ್ಲೇ ಆಕುರ್ಡಿಯಲ್ಲಿ ಬಜಾಜ್ ಸ್ಕೂಟರ್ ತಯಾರಾಗುತ್ತಿತ್ತು. ಚೇತಕ್ 1972ರಲ್ಲಿ ಬಂತು. ಕಾರ್ಖಾನೆ ಕಣ್ಣೆದುರಿಗೇ ಇದ್ದರೂ ಸ್ಕೂಟರ್ ಬೇಕಾದವನು ಹತ್ತು ವರ್ಷದವರೆಗೆ ಸರದಿಯಲ್ಲಿ ಕಾಯಬೇಕಿತ್ತು. ಮಗಳು ಹುಟ್ಟಿದಾಗ ಬುಕ್ ಮಾಡಿದರೆ ಮದುವೆಯ ಹೊತ್ತಿಗೆ ಕೈಗೆ ಬರುತ್ತದೆ ಎಂದು ಜನ ನಗುತ್ತಿದ್ದರು. ವಿದೇಶಿ ವಿನಿಮಯದಲ್ಲಿ ಹಣ ಕಟ್ಟಬಲ್ಲವರಿಗೆ ಬೇರೆ ಸರದಿ ಇತ್ತು, ಅದು ಬೇಗ ಸಾಗುತ್ತಿತ್ತು. ಕೈಗೆ ಬಂದ ಸ್ಕೂಟರನ್ನು ಅದೇ ದಿನ ಹೆಚ್ಚಿನ ಬೆಲೆಗೆ ಮಾರಿ ಲಾಭ ಮಾಡಿಕೊಂಡವರೂ ಇದ್ದರು. ಹೆಚ್ಚು ತಯಾರಿಸಲು ಕಂಪನಿಗೆ ಮನಸ್ಸಿಲ್ಲ ಎಂದಲ್ಲ. 1951ರ ಕೈಗಾರಿಕಾ ಕಾಯ್ದೆಯ ಪ್ರಕಾರ ಎಷ್ಟು ತಯಾರಿಸಬೇಕು ಎಂಬುದನ್ನು ದೆಹಲಿಯ ಪರವಾನಗಿ ನಿರ್ಧರಿಸುತ್ತಿತ್ತು, 1969ರ ಏಕಸ್ವಾಮ್ಯ ಕಾಯ್ದೆ ದೊಡ್ಡ ಮನೆತನಗಳ ವಿಸ್ತರಣೆಗೆ ಇನ್ನೊಂದು ಬೀಗ ಹಾಕಿತ್ತು. ಜನಕ್ಕೆ ಬೇಕಾದದ್ದನ್ನು ಹೆಚ್ಚಾಗಿ ತಯಾರಿಸುವುದು ಕಾನೂನಿನ ಕಣ್ಣಿನಲ್ಲಿ ತಪ್ಪು. ಈ ವಾಕ್ಯವನ್ನು ಒಮ್ಮೆ ಮನಸ್ಸಿನಲ್ಲಿ ಹೇಳಿಕೊಳ್ಳಿ.

ಇದರಿಂದ ಸ್ಕೂಟರ್ ಕಡಿಮೆಯಾದವು ಎನ್ನುವುದು ಅರ್ಥಶಾಸ್ತ್ರದ ದೂರು. ನನ್ನ ದೂರು ಬೇರೆ. ಆ ಪದ್ಧತಿ ಪ್ರಾಮಾಣಿಕರನ್ನು ಸುಳ್ಳುಗಾರರನ್ನಾಗಿ ಮಾಡಿತು. ನನ್ನ ಧಂದೆಯ ಉಕ್ಕಿನ ಕತೆಯನ್ನೇ ನೋಡಿ. ಉಕ್ಕಿಗೆ ಸರ್ಕಾರ ಕಟ್ಟಿದ ಬೆಲೆ ಒಂದು, ಬಜಾರಿನ ಬೆಲೆ ಇನ್ನೊಂದು. ಸಣ್ಣ ಕೈಗಾರಿಕೆ ಎಂದು ನೋಂದಾಯಿಸಿದವರಿಗೆ ಕಡಿಮೆ ಬೆಲೆಯ ಉಕ್ಕು ಕೋಟಾದಲ್ಲಿ ಸಿಗುತ್ತಿತ್ತು. ನಮ್ಮ ಸಾಲಿನಲ್ಲೇ ಒಂದು ಶೆಡ್ ಇತ್ತು. ಬಾಗಿಲಿಗೆ ಬೀಗ, ಮೇಲೆ ಚಂದದ ಬೋರ್ಡು. ಒಳಗೆ ಒಂದು ಯಂತ್ರ, ಅದರ ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ದೂಳು. ತಪಾಸಣೆಗೆ ಅಧಿಕಾರಿ ಬರುವ ದಿನ ಮಾತ್ರ ಆ ಯಂತ್ರಕ್ಕೆ ಎಣ್ಣೆ ಬೀಳುತ್ತಿತ್ತು, ಇಬ್ಬರು ಹುಡುಗರು ಸಮವಸ್ತ್ರ ಹಾಕಿ ನಿಲ್ಲುತ್ತಿದ್ದರು, ಮೋಟಾರು ಸದ್ದು ಮಾಡುತ್ತಿತ್ತು. ಮರುದಿನ ಮತ್ತೆ ಬೀಗ. ಕೋಟಾದ ಕಾಗದವನ್ನೇ ಮಾರಿಕೊಂಡು ಆ ಮಾಲೀಕರು ನಮಗಿಂತ ಸುಖವಾಗಿದ್ದರು. ಹಗಲೂ ರಾತ್ರಿ ಲೇಥ್ ತಿರುಗಿಸುವವರು ಅವರಿಂದಲೇ ಉಕ್ಕು ಕೊಳ್ಳುತ್ತಿದ್ದೆವು, ಬಿಲ್ಲಿಲ್ಲದೆ. ಅವರು ಕೆಟ್ಟವರೇನಲ್ಲ, ಗಣೇಶೋತ್ಸವಕ್ಕೆ ಧಾರಾಳವಾಗಿ ಚಂದಾ ಕೊಡುತ್ತಿದ್ದರು. ದುಡಿಮೆಗಿಂತ ಕಾಗದಕ್ಕೆ ಬೆಲೆ ಹೆಚ್ಚು ಎಂದು ವ್ಯವಸ್ಥೆಯೇ ಹೇಳಿಕೊಡುತ್ತಿರುವಾಗ ಬುದ್ಧಿವಂತರು ಕಲಿಯದೆ ಇರುತ್ತಾರೆಯೇ? 1992ರ ಜನವರಿಯಲ್ಲಿ ಉಕ್ಕಿನ ಬೆಲೆ ಮತ್ತು ಹಂಚಿಕೆಯ ಮೇಲಿನ ಹಿಡಿತ ಹೋಯಿತು. ಯಾರೂ ಉಪದೇಶ ಮಾಡಲಿಲ್ಲ, ಯಾರನ್ನೂ ಜೈಲಿಗೆ ಹಾಕಲಿಲ್ಲ. ಆ ದೂಳಿನ ಶೆಡ್ ತಾನಾಗಿಯೇ ಬೇರೆಯವರ ಕೈಗೆ ಹೋಗಿ, ಒಳಗೆ ನಿಜವಾದ ಕೆಲಸ ಶುರುವಾಯಿತು.

ಇಲ್ಲಿ ಒಂದು ಗೊಂದಲ ನಿವಾರಿಸಬೇಕು. ಮಾರುಕಟ್ಟೆಯ ಪರ ಎಂದರೆ ಬಂಡವಾಳಿಗರ ಪರ ಎಂದು ಬಹಳ ಜನ ತಿಳಿದಿದ್ದಾರೆ. ಬಂಡವಾಳಿಗರಿಗೆ ಸ್ಪರ್ಧೆ ಇಷ್ಟ ಎಂದು ನಿಮಗೆ ಯಾರು ಹೇಳಿದರು? 1944ರಲ್ಲಿ ಬಾಂಬೆ ಪ್ಲಾನ್ ಎಂಬ ಆರ್ಥಿಕ ಯೋಜನೆ ಬರೆದವರು ಯಾರು? ಜೆ.ಆರ್.ಡಿ. ಟಾಟಾ, ಜಿ.ಡಿ. ಬಿರ್ಲಾ, ಲಾಲಾ ಶ್ರೀರಾಮ್, ಕಸ್ತೂರಭಾಯಿ ಲಾಲಭಾಯಿ, ಪುರುಷೋತ್ತಮದಾಸ್ ಠಾಕೂರದಾಸ್‌ರಂಥವರು. ಸರ್ಕಾರ ಯೋಜನೆ ಹಾಕಲಿ, ನಿಯಂತ್ರಿಸಲಿ, ಹೊರಗಿನವರಿಂದ ನಮ್ಮನ್ನು ಕಾಪಾಡಲಿ ಎಂದು ಅವರೇ ಕೇಳಿದರು. ಆ ಗುಂಪಿನಲ್ಲಿದ್ದ ಎ.ಡಿ. ಶ್ರಾಫ್ ಒಬ್ಬರು ಮುಂದೆ ಬೇರೆ ದಾರಿ ಹಿಡಿದು 1956ರಲ್ಲಿ ಮುಂಬೈಯಲ್ಲಿ ಫೋರಂ ಆಫ್ ಫ್ರೀ ಎಂಟರ್‌ಪ್ರೈಸ್ ಕಟ್ಟಿದರು. 1993ರಲ್ಲಿ, ಪರವಾನಗಿ ರಾಜ್ಯ ಸಡಿಲವಾಗಿ ಎರಡೇ ವರ್ಷ ಕಳೆದಿತ್ತು, ಮತ್ತೆ ಉದ್ಯಮಿಗಳ ಒಂದು ಗುಂಪು ಸೇರಿ ವಿದೇಶಿ ಕಂಪನಿಗಳೆದುರು ನಮಗೆ ಸಮತಟ್ಟಾದ ಅಂಗಣ ಬೇಕು ಎಂದಿತು. ಪತ್ರಿಕೆಗಳು ಅದನ್ನು ಬಾಂಬೆ ಕ್ಲಬ್ ಎಂದು ಕರೆದವು. ಬಾಗಿಲು ತೆರೆಯಲಿ ಎಂದು ಹೊರಗಿದ್ದಾಗ ಕೂಗುವವನು ಒಳಗೆ ಬಂದ ಮೇಲೆ ಚಿಲಕ ಹುಡುಕುತ್ತಾನೆ. ನನ್ನ ವಾದ ಇಂಥವರ ಪರವಲ್ಲ. ಅವರಿಗೂ ಗಿರಾಕಿ 'ಬೇಡ' ಎನ್ನಬೇಕು ಎಂಬುದೇ ನನ್ನ ವಾದ.

ಆ ಕಾಲದಲ್ಲಿ ಇದನ್ನು ಗಟ್ಟಿಯಾಗಿ ಹೇಳಿದ ಅರ್ಥಶಾಸ್ತ್ರಜ್ಞ ನಮ್ಮ ಕರಾವಳಿಯವರು. ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ಳಿಕೋತ್‌ನಲ್ಲಿ ಹುಟ್ಟಿದ ಬಿ.ಆರ್. ಶೆಣೈ. 1955ರಲ್ಲಿ ಎರಡನೇ ಪಂಚವಾರ್ಷಿಕ ಯೋಜನೆಯನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರ ಮಂಡಳಿಯಲ್ಲಿ ಭಿನ್ನಮತ ಬರೆದುಕೊಟ್ಟವರು ಅವರೊಬ್ಬರೇ. ಕೊರತೆ ಹಣಕಾಸಿನಿಂದ, ಅಂದರೆ ಸರ್ಕಾರ ಹೊಸ ನೋಟು ಹೊರಡಿಸಿ ಖರ್ಚು ತೂಗಿಸುವುದರಿಂದ, ಬೆಲೆ ಏರುತ್ತದೆ, ನಿಯಂತ್ರಣಗಳು ಜನರ ಸ್ವಾತಂತ್ರ್ಯವನ್ನು ತಿನ್ನುತ್ತವೆ ಎಂದು ಎಚ್ಚರಿಸಿದರು. ನಮ್ಮವರು ಎಂದು ಕನ್ನಡಿಗರು ಮೆರೆಸುವವರ ಪಟ್ಟಿಯಲ್ಲಿ ಅವರ ಹೆಸರು ನನಗಂತೂ ಕಂಡಿಲ್ಲ.

ಈಗ ಹೊಲದ ಕಡೆಗೆ ಹೋಗೋಣ. ನನ್ನ ವಾದದ ನಿಜವಾದ ತಿರುಳು ಅಲ್ಲಿದೆ.

1980 ನಮ್ಮ ಎರಡೂ ರಾಜ್ಯಗಳಿಗೆ ಮರೆಯಲಾಗದ ವರ್ಷ. ಆ ಜುಲೈನಲ್ಲಿ ನರಗುಂದ, ನವಲಗುಂದದಲ್ಲಿ ರೈತರು ಬಂಡೆದ್ದರು. ಮಲಪ್ರಭಾ ಕಾಲುವೆಯಿಂದ ನಿಮ್ಮ ಹೊಲ ಸುಧಾರಿಸಿದೆ, ಅದಕ್ಕೆ ಅಭಿವೃದ್ಧಿ ಕರ ಕಟ್ಟಿ ಎಂದು ಸರ್ಕಾರ ಕೇಳುತ್ತಿತ್ತು. ಎಷ್ಟೋ ಹೊಲಗಳಿಗೆ ನೀರೇ ಮುಟ್ಟಿರಲಿಲ್ಲ. ಕೊಡದ ಸರಕಿಗೆ ಬಿಲ್ಲು, ಕಟ್ಟದಿದ್ದರೆ ಜಪ್ತಿ. ಗೋಲಿಬಾರ್ ಆಯಿತು, ಜನ ಸತ್ತರು, ಗುಂಡೂರಾಯರ ಸರ್ಕಾರ ಅಲುಗಾಡಿತು. ನಮ್ಮ ಊರಿನ ಕಡೆಯ ಸುದ್ದಿ ಎಂದು ಭೋಸರಿಯಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದರೆ, ಇತ್ತ ಪಕ್ಕದ ಚಾಕಣದಲ್ಲಿ ಅದೇ ವರ್ಷ ಈರುಳ್ಳಿ ಬೆಳೆಗಾರರೂ ರಸ್ತೆಗಿಳಿದಿದ್ದರು. ಅವರ ಮುಂದೆ ಇದ್ದವರು ಶರದ್ ಜೋಶಿ. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಅಂತರರಾಷ್ಟ್ರೀಯ ಅಂಚೆ ಒಕ್ಕೂಟದ ಕೆಲಸ ಬಿಟ್ಟು 1977ರಲ್ಲಿ ಚಾಕಣದ ಹತ್ತಿರದ ಅಂಬೇಠಾಣದಲ್ಲಿ ಹೊಲ ಕೊಂಡವರು. ಬಡತನವನ್ನು ಕಾಗದದಲ್ಲಿ ನೋಡಿದ್ದು ಸಾಕು, ಮಣ್ಣಿನಲ್ಲಿ ನೋಡೋಣ ಎಂದು ಬಂದ ಮನುಷ್ಯನಿಗೆ ಕಂಡದ್ದು ಇದು: ರೈತ ಸೋಮಾರಿಯಲ್ಲ, ದಡ್ಡನೂ ಅಲ್ಲ. ಅವನ ಬೆಳೆಗೆ ಬೆಲೆ ಏರುವ ಹೊತ್ತಿಗೆ ಸರಿಯಾಗಿ ಸರ್ಕಾರ ರಫ್ತು ನಿಲ್ಲಿಸುತ್ತದೆ, ಬೆಲೆ ಇಳಿದಾಗ ಮಾತ್ರ ಮಾರುಕಟ್ಟೆಯ ನಿಯಮ ಎಂದು ಕೈತೊಳೆದುಕೊಳ್ಳುತ್ತದೆ.

ಮಹಾರಾಷ್ಟ್ರದ ಹತ್ತಿಯ ಕತೆ ಇದಕ್ಕಿಂತ ವಿಚಿತ್ರ. 1972ರಿಂದ ಇಲ್ಲಿ ಹತ್ತಿಯ ಏಕಸ್ವಾಮ್ಯ ಖರೀದಿ ಯೋಜನೆ ಇತ್ತು. ಹತ್ತಿ ಬೆಳೆದವನು ರಾಜ್ಯದ ಸಂಸ್ಥೆಗೆ ಮಾತ್ರ ಮಾರಬೇಕು. ಪಕ್ಕದ ರಾಜ್ಯದಲ್ಲಿ ಹೆಚ್ಚು ಬೆಲೆ ಇದೆಯೆಂದು ಗಡಿ ದಾಟಿಸಿದರೆ ಅವನು ಕಳ್ಳಸಾಗಣೆದಾರ. ತಾನೇ ಬಿತ್ತಿ, ತಾನೇ ಬಿಡಿಸಿದ ಹತ್ತಿ, ತನ್ನದೇ ಬಂಡಿಯಲ್ಲಿ, ತನ್ನದೇ ದೇಶದಲ್ಲಿ. ಅವನಿಗೆ ಮತ ಹಾಕುವ ಹಕ್ಕಿತ್ತು, ಭಾಷಣ ಮಾಡುವ ಹಕ್ಕಿತ್ತು, 'ಈ ಬೆಲೆ ನನಗೆ ಬೇಡ' ಎನ್ನುವ ಹಕ್ಕು ಮಾತ್ರ ಇರಲಿಲ್ಲ. ವಾಕ್ ಸ್ವಾತಂತ್ರ್ಯಕ್ಕಾಗಿ ಬೀದಿಗಿಳಿಯುವ ಪುಣೆಯ ನನ್ನ ವಿದ್ವಾಂಸ ಮಿತ್ರರಲ್ಲಿ ಈ ಬಂಡಿಯವನ ಸ್ವಾತಂತ್ರ್ಯದ ಬಗ್ಗೆ ಮರುಗಿದವರು ಎಷ್ಟು ಜನ? ಸಂವಿಧಾನದ 19ನೇ ವಿಧಿಯ ಒಂದೇ ಉಪವಿಧಿಯ ಕೆಳಗೆ ಮಾತಿನ ಹಕ್ಕೂ ಇದೆ, ಉದ್ಯೋಗ ವ್ಯಾಪಾರದ ಹಕ್ಕೂ ಇದೆ. ಮೊದಲನೆಯದಕ್ಕೆ ನಾವು ಹಾರ ಹಾಕುತ್ತೇವೆ, ಎರಡನೆಯದನ್ನು ಸೇಠಜಿಯ ಖಾಸಗಿ ವ್ಯವಹಾರ ಎಂದುಕೊಳ್ಳುತ್ತೇವೆ.

ಇದು ಹಳೆಯ ಕತೆ ಎನ್ನಬೇಡಿ. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತನ್ನು ನಿಷೇಧಿಸಿತು, 2024ರ ಮೇ ತಿಂಗಳವರೆಗೆ ತೆಗೆಯಲಿಲ್ಲ. ನಾಸಿಕದವನಿಗೂ ಗದಗದವನಿಗೂ ಒಂದೇ ಪೆಟ್ಟು. ನಗರದಲ್ಲಿ ಕುಳಿತ ನಮಗೆ ಈರುಳ್ಳಿ ಅಗ್ಗವಾಗಲಿ ಎಂದು ಅವರ ಜೇಬಿಗೆ ಕೈ ಹಾಕಿದ್ದು. ಬಡವರಿಗೆ ಸಹಾಯ ಬೇಕಾದರೆ ನಮ್ಮೆಲ್ಲರ ತೆರಿಗೆಯಿಂದ ಮಾಡಬೇಕು. ಇನ್ನೊಬ್ಬ ಬಡವನ ಬೆಳೆಯಿಂದ ಏಕೆ?

ನಮ್ಮ ಕರ್ನಾಟಕದಲ್ಲಿ ರೈತ ಚಳವಳಿಯ ದೊಡ್ಡ ಹೆಸರು ಪ್ರೊ. ಎಂ.ಡಿ. ನಂಜುಂಡಸ್ವಾಮಿ. ಅವರೂ ಜೋಶಿಯವರೂ ಮೊದಮೊದಲು ಒಂದೇ ವೇದಿಕೆಯಲ್ಲಿದ್ದು ಆಮೇಲೆ ದೂರವಾದರು. ಜಾಗತಿಕ ವ್ಯಾಪಾರ ಒಪ್ಪಂದದ ಕರಡಾದ ಡಂಕೆಲ್ ಪ್ರಸ್ತಾವ ಬಂದಾಗ ಜೋಶಿ ಸ್ವಾಗತಿಸಿದರು, ನಂಜುಂಡಸ್ವಾಮಿ ಅದನ್ನು ಗುಲಾಮಗಿರಿ ಎಂದು ಕಂಡರು. 1992ರಲ್ಲಿ ರೈತಸಂಘದವರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿದರು. ಕನ್ನಡ ಓದುಗರಿಗೆ ನಂಜುಂಡಸ್ವಾಮಿಯವರ ವಾದ ಚೆನ್ನಾಗಿ ಗೊತ್ತು, ಜೋಶಿಯವರದು ಗೊತ್ತಿಲ್ಲ. ನಂಜುಂಡಸ್ವಾಮಿಯವರ ಹಾಸ್ಯ, ಧೈರ್ಯ, ಹಸಿರು ಶಾಲಿಗೆ ಅವರು ತಂದ ಘನತೆ ಎಲ್ಲವನ್ನೂ ನಾನು ಮೆಚ್ಚುತ್ತೇನೆ. ಆದರೆ ಬೀಜ ಕೊಳ್ಳುವುದೋ ಬಿಡುವುದೋ ಎಂಬ ತೀರ್ಮಾನ ರೈತನದಾಗಬೇಕೇ ಹೊರತು ಅವನ ನಾಯಕನದಾಗಬಾರದು. ಅಲ್ಲಿ ನಾನು ಜೋಶಿಯವರ ಕಡೆ.

ಜೋಶಿಯವರ ಇನ್ನೊಂದು ಕೆಲಸ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅವರ ಶೇತಕರಿ ಸಂಘಟನೆ 1986ರಲ್ಲಿ ಚಾಂದವಡದಲ್ಲಿ ರೈತ ಮಹಿಳೆಯರ ದೊಡ್ಡ ಅಧಿವೇಶನ ನಡೆಸಿತು. ಆಮೇಲೆ 'ಲಕ್ಷ್ಮಿ ಮುಕ್ತಿ' ಎಂಬ ಅಭಿಯಾನ ಬಂತು. ರೈತನೇ ಮುಂದೆ ಬಂದು ತನ್ನ ಹೊಲದ ಒಂದು ಪಾಲನ್ನು ಹೆಂಡತಿಯ ಹೆಸರಿಗೆ ಬರೆದುಕೊಡಬೇಕು. ಸರ್ಕಾರ ನಮ್ಮನ್ನು ಸುಲಿಯುತ್ತದೆ ಎನ್ನುವ ನಾವು ಮನೆಯೊಳಗೆ ಏನು ಮಾಡುತ್ತಿದ್ದೇವೆ ಎಂಬ ಪ್ರಶ್ನೆ ಅದು. ಉತಾರೆಯಲ್ಲಿ, ಅಂದರೆ ಹೊಲದ ದಾಖಲೆಯಲ್ಲಿ, ಹೆಸರಿರುವ ಹೆಂಗಸು ಗಂಡನಿಗೆ ಎದುರು ಮಾತಾಡುವ ದನಿಯೇ ಬೇರೆ. ಆಸ್ತಿಯ ಹಕ್ಕನ್ನು ಜಮೀನುದಾರರ ಹಕ್ಕು ಎಂದು ನಾವು ತಿಳಿದೆವು. 1978ರ 44ನೇ ತಿದ್ದುಪಡಿಯಲ್ಲಿ ಅದನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದಲೇ ಕಿತ್ತೆವು. ಅದರ ಹೆಚ್ಚಿನ ಅಗತ್ಯ ಇರುವುದು ಕಡಿಮೆ ಆಸ್ತಿ ಇರುವವರಿಗೆ ಎಂದು ನಮಗೆ ತಿಳಿಯಲಿಲ್ಲ.

ಮನವೊಲಿಸುವುದಕ್ಕೂ ಒತ್ತಾಯಿಸುವುದಕ್ಕೂ ಇರುವ ವ್ಯತ್ಯಾಸಕ್ಕೆ ಒಂದು ನೇಗಿಲಿನ ಕತೆ ಹೇಳಬೇಕು. ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದವರು. ಮುಂಬೈಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಪಾಠ ಹೇಳುತ್ತಿದ್ದರು. ತಮಗೆ ಸಲ್ಲಬೇಕಾದ ಬಡ್ತಿ ಆಂಗ್ಲೋ ಇಂಡಿಯನ್ ಒಬ್ಬರಿಗೆ ಹೋದಾಗ ಕೆಲಸಕ್ಕೇ 'ಬೇಡ' ಎಂದು ಬೆಳಗಾವಿಗೆ ಮರಳಿದರು. ಸೈಕಲ್ ಅಂಗಡಿ, ಮೇವು ಕತ್ತರಿಸುವ ಯಂತ್ರ, ಆಮೇಲೆ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ಮುಟ್ಟಲಿಲ್ಲ. ಎರಡು ವರ್ಷ ಮಾರಾಟವೇ ಇಲ್ಲ. ಲಕ್ಷ್ಮಣರಾಯರ ಕೈಯಲ್ಲಿ ಪೊಲೀಸರಿರಲಿಲ್ಲ, ಆದೇಶ ಹೊರಡಿಸುವ ಅಧಿಕಾರವಿರಲಿಲ್ಲ. ರೈತನಿಗೆ ತಿಳಿಯುವವರೆಗೆ ಕಾಯುವುದು, ನೇಗಿಲನ್ನು ತಿದ್ದುವುದು, ಮತ್ತೆ ತೋರಿಸುವುದು, ಇಷ್ಟೇ ಅವರಿಗೆ ಸಾಧ್ಯವಿತ್ತು. ರೈತನ ಮೂಢನಂಬಿಕೆಗೂ ಅವರು ತಲೆಬಾಗಬೇಕಾಯಿತು. ಸರ್ಕಾರವೇ ಆ ನೇಗಿಲನ್ನು ಹಂಚಿದ್ದರೆ ಆ ವರ್ಷದ ವರದಿಯಲ್ಲಿ ಸಾವಿರಾರು ನೇಗಿಲುಗಳ ಲೆಕ್ಕ ಇರುತ್ತಿತ್ತು, ಹಿತ್ತಿಲಿನಲ್ಲಿ ತುಕ್ಕು ಇರುತ್ತಿತ್ತು. ಮುಂದೆ ಊರು ಬೆಳೆಸಲು ಬೆಳಗಾವಿಯ ನಗರಸಭೆ ಅವರ ಜಾಗ ಕೇಳಿದಾಗ ಔಂಧ್ ಸಂಸ್ಥಾನದ ಅರಸರು ಆಶ್ರಯ ಕೊಟ್ಟರು. 1910ರಲ್ಲಿ ಕುಂಡಲ ರೋಡ್ ನಿಲ್ದಾಣದ ಬಳಿಯ ಪಾಪಾಸುಕಳ್ಳಿಯ ಬಯಲಿನಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಅರಸರ ಸಹಾಯ ಎಂದರೆ ಸರ್ಕಾರದ ಸಹಾಯವಲ್ಲವೇ ಎಂದು ನೀವು ಕೇಳಬಹುದು. ಹೌದು. ಒಂದು ಸರ್ಕಾರ ಎಬ್ಬಿಸಿದರೆ ಇನ್ನೊಂದರ ಬಳಿ ಹೋಗಬಹುದಾಗಿತ್ತು ಎಂಬುದನ್ನೂ ಗಮನಿಸಿ. ಸಂಸ್ಥಾನಗಳ ಕಾಲ ಮರಳಲಿ ಎಂದು ನಾನು ಹೇಳುತ್ತಿಲ್ಲ, ಯಾರೂ ಬರೆದುಕೊಳ್ಳಬೇಡಿ.

ಈಗ ನನ್ನ ವಾದಕ್ಕೆ ಅತ್ಯಂತ ಕಷ್ಟದ ಪ್ರಶ್ನೆ. 'ಬೇಡ' ಎನ್ನುವ ಸ್ವಾತಂತ್ರ್ಯವನ್ನು ಇಷ್ಟು ಹೊಗಳುತ್ತೀರಲ್ಲ, ಈ ದೇಶದಲ್ಲಿ ಆ ಪದವನ್ನು ಅತಿ ಹೆಚ್ಚು ಕೇಳಿದವರು ದಲಿತರು. ಬಾವಿಯ ಬಳಿ ಬೇಡ, ಗುಡಿಯೊಳಗೆ ಬೇಡ, ಬಾಡಿಗೆಗೆ ಬೇಡ. ಮೇಲುಜಾತಿಯ ಅಂಗಡಿಯವನ 'ಬೇಡ'ವನ್ನೂ ಸ್ವಾತಂತ್ರ್ಯ ಎನ್ನುತ್ತೀರಾ?

ಎನ್ನುವುದಿಲ್ಲ. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆಗಳನ್ನು ಹೆಸರಿಸಿಯೇ ಅಲ್ಲಿ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಬಾರದು ಎಂದಿದೆ. ಅದು ಬೇಕಾಗಿತ್ತು. ನಮ್ಮ ಹೆಮ್ಮೆಯ ಉಡುಪಿ ಹೋಟೆಲುಗಳಲ್ಲೂ ಒಂದು ಕಾಲಕ್ಕೆ ಬ್ರಾಹ್ಮಣರಿಗೆ ಬೇರೆ ಕೋಣೆ ಇರುತ್ತಿತ್ತು. ಕಾಸು ಕೊಟ್ಟವರಿಗೆಲ್ಲ ಒಂದೇ ದೋಸೆ ಎನ್ನುವ ಮಾತು ತಾನಾಗಿ ಬರಲಿಲ್ಲ, ಕಾನೂನೂ ಗಿರಾಕಿಯೂ ಸೇರಿ ತಂದದ್ದು. ಆದರೆ ಜಾತಿಯನ್ನು ಮಾರುಕಟ್ಟೆಯ ಕೂಸು ಎನ್ನುವವರ ಜೊತೆಗೂ ನಾನಿಲ್ಲ. ಜಾತಿ ಎಂದರೆ ಶ್ರಮದ ವಿಭಜನೆಯಷ್ಟೇ ಅಲ್ಲ, ಶ್ರಮಿಕರ ವಿಭಜನೆ ಎಂದು ಅಂಬೇಡ್ಕರ್ 1936ರಲ್ಲೇ ಬರೆದರು. ಅಪ್ಪನ ಕಸುಬು ಬಿಟ್ಟು ಬೇರೆಯದನ್ನು ಮಾಡುವಂತಿಲ್ಲ, ಕೂಲಿ ಎಷ್ಟು ಎಂದು ಕೇಳುವಂತಿಲ್ಲ, ಊರು ಬಿಡುವಂತಿಲ್ಲ. ಹುಟ್ಟಿನಿಂದಲೇ ಕೊಟ್ಟ ಪರವಾನಗಿ ಅದು, ನವೀಕರಣಕ್ಕೂ ಅವಕಾಶವಿಲ್ಲ. 1948ರ ನವೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಹಳ್ಳಿಯನ್ನು ಅಜ್ಞಾನದ, ಸಂಕುಚಿತತೆಯ ಗವಿ ಎಂದಾಗ ಹಳ್ಳಿಯನ್ನು ಪೂಜಿಸುವವರು ಸಿಟ್ಟಾದರು. ಯಾರೂ ಯಾರ ಜಾತಿಯನ್ನೂ ಕೇಳದೆ ಕೆಲಸ ಕೊಡುವ ಜಾಗ ಭೋಸರಿಯೂ ಆಗಿರಲಿಲ್ಲ. ಆದರೆ ಭೋಸರಿಯಲ್ಲಿ ಇನ್ನೊಂದು ಗೇಟು ಇತ್ತು, ಹಳ್ಳಿಯಲ್ಲಿ ಇರಲಿಲ್ಲ.

ಅಂಬೇಡ್ಕರರನ್ನು ನನ್ನ ಪಕ್ಷಕ್ಕೆ ಎಳೆದುಕೊಳ್ಳುತ್ತಿಲ್ಲ. 1947ರಲ್ಲಿ ಅವರು ಪ್ರಮುಖ ಕೈಗಾರಿಕೆಗಳೂ ಕೃಷಿಯೂ ಸರ್ಕಾರದ ಒಡೆತನದಲ್ಲಿರಬೇಕು ಎಂದು ಬರೆದುಕೊಟ್ಟವರು. ಆದರೆ 2005ರಲ್ಲಿ ಇದೇ ಪುಣೆಯಲ್ಲಿ ಮಿಲಿಂದ್ ಕಾಂಬಳೆಯವರು ದಲಿತ ಉದ್ಯಮಿಗಳ ವಾಣಿಜ್ಯ ಮಂಡಳಿ ಕಟ್ಟಿದಾಗ, ಕೆಲಸ ಕೇಳುವವರಾಗಿ ಉಳಿಯದೆ ಕೆಲಸ ಕೊಡುವವರಾಗೋಣ ಎಂದು ಹೊರಟವರೂ ಅದೇ ಅಂಬೇಡ್ಕರರ ಚಿತ್ರದ ಕೆಳಗೆ ನಿಂತಿದ್ದರು.

ಬಾಡಿಗೆ ಮನೆಯ ವಿಷಯಕ್ಕೆ ಬರೋಣ. ಈ ಊರಿನ ಪೇಠೆಗಳಲ್ಲಿ ಮನೆ ಹುಡುಕಿದವರಿಗೆಲ್ಲ ಗೊತ್ತು: ಅಡ್ಡಹೆಸರು ಏನು, ಮೀನು ತಿನ್ನುತ್ತೀರಾ, ಬ್ಯಾಚುಲರಾ. ಮನೆಮಾಲೀಕ ಇಷ್ಟು ಧಿಮಾಕಿನಿಂದ ಕೇಳುವುದು ಏಕೆ ಸಾಧ್ಯವಾಗುತ್ತದೆ? ಅವನ ಬಾಗಿಲಿನಲ್ಲಿ ಇಪ್ಪತ್ತು ಜನ ನಿಂತಿದ್ದಾಗ ಹತ್ತೊಂಬತ್ತು ಜನರನ್ನು ಜಾತಿ ನೋಡಿ ಕಳಿಸಿದರೂ ಅವನಿಗೆ ಒಂದು ರೂಪಾಯಿ ನಷ್ಟವಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1950ರ ದಶಕದಲ್ಲಿ ಹೇಳಿದ್ದು ಇದನ್ನೇ: ಸ್ಪರ್ಧೆ ಇರುವಲ್ಲಿ ಪೂರ್ವಗ್ರಹಕ್ಕೆ ಬೆಲೆ ತೆರಬೇಕಾಗುತ್ತದೆ. ಮನೆಗಳು ಹೆಚ್ಚಾಗಿ ಬಾಡಿಗೆದಾರರು ಕಡಿಮೆಯಾದರೆ ಅದೇ ಮಾಲೀಕ ಮೀನಿನ ವಾಸನೆಯನ್ನೂ ಸಹಿಸಿಕೊಳ್ಳುತ್ತಾನೆ. ಮನೆಗಳು ಏಕೆ ಕಡಿಮೆಯಾದವು? 1947ರ ಬಾಡಿಗೆ ಕಾಯ್ದೆ ಹಳೆಯ ಬಾಡಿಗೆಗಳನ್ನು ಎಲ್ಲಿತ್ತೋ ಅಲ್ಲಿಗೇ ನಿಲ್ಲಿಸಿಬಿಟ್ಟಿತು. ದಶಕಗಳ ಕಾಲ ವಾಡೆಗಳ ಬಾಡಿಗೆ ಒಂದು ಹೊತ್ತಿನ ಚಹಾ ಬನ್ನಿಗೂ ಸಾಲುತ್ತಿರಲಿಲ್ಲ. ಮಾಲೀಕ ಸುಣ್ಣ ಹೊಡೆಸಲಿಲ್ಲ, ಬಾಡಿಗೆದಾರ ಬಿಡಲಿಲ್ಲ, ಗೋಡೆ ಬಿತ್ತು. ಬಾಡಿಗೆಗೆಂದು ಹೊಸ ಮನೆ ಕಟ್ಟುವವರೂ ಹಿಂಜರಿದರು. ಮಲ್ಪೆ ವಿಶ್ವನಾಥ ಆಚಾರ್ಯ ವಿರುದ್ಧ ಮಹಾರಾಷ್ಟ್ರ ಸರ್ಕಾರ ಎಂಬ ಪ್ರಕರಣದಲ್ಲಿ, ಹೆಸರು ಕೇಳಿದರೇ ನಮ್ಮ ಕಡೆಯವರು ಎನ್ನಿಸುತ್ತದೆ, ಸುಪ್ರೀಂ ಕೋರ್ಟು 1997ರ ಕೊನೆಯಲ್ಲಿ ಈ ಹೆಪ್ಪುಗಟ್ಟಿದ ಬಾಡಿಗೆ ನ್ಯಾಯಸಮ್ಮತವಾಗಿ ಉಳಿದಿಲ್ಲ ಎಂದಿತು. 1999ರಲ್ಲಿ ಹೊಸ ಕಾಯ್ದೆ ಬಂತು, ಹಳೆಯ ಬಾಡಿಗೆಗಳಿಗೆ ವರ್ಷಕ್ಕೆ ಶೇ. 4ರಷ್ಟು ಏರಿಕೆ ಒಪ್ಪಿತು. ಬಡ ಬಾಡಿಗೆದಾರನನ್ನು ಕಾಪಾಡಲು ಹೊರಟ ಕಾನೂನು ಆಗಲೇ ಒಳಗಿದ್ದವನನ್ನು ಕಾಪಾಡಿತು. ಹೊರಗಿನಿಂದ ಬಂದವನನ್ನು, ಅಂದರೆ ನಿಮ್ಮನ್ನೂ ನನ್ನನ್ನೂ, ಮಾಲೀಕನ ಮರ್ಜಿಗೆ ಒಪ್ಪಿಸಿತು.

ಮಾರುಕಟ್ಟೆಯೊಳಗೂ ದಾಸ್ಯವಿದೆ, ಅದನ್ನು ಮುಚ್ಚಿಡುವುದಿಲ್ಲ. ಬಹಳ ವರ್ಷ ನನ್ನ ಶೆಡ್ಡಿಗೆ ಒಂದೇ ದೊಡ್ಡ ಗಿರಾಕಿ. ಕಂಪನಿಯ ಹೆಸರು ಬೇಡ. ಬಿಲ್ಲು ಕೊಟ್ಟರೆ ತೊಂಬತ್ತು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು. ವರ್ಷಕ್ಕೊಮ್ಮೆ ದರ ಇಳಿಸಿ ಎಂಬ ಪತ್ರ. ಅಲ್ಲಿನ ಖರೀದಿ ವಿಭಾಗದ ಎಳೆಯ ಹುಡುಗನ ಎದುರಿನ ಬೆಂಚಿನ ಮೇಲೆ ನಾನು ಮಧ್ಯಾಹ್ನವಿಡೀ ಕುಳಿತದ್ದಿದೆ. 2006ರ ಕಾಯ್ದೆ ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಹಣ ಕೊಡಬೇಕು ಎನ್ನುತ್ತದೆ. ಒಂದೇ ಗಿರಾಕಿ ಇರುವವನು ಆ ಕಾಯ್ದೆಯನ್ನು ತೋರಿಸಿದ ದಿನವೇ ಆ ಒಬ್ಬನನ್ನೂ ಕಳೆದುಕೊಳ್ಳುತ್ತಾನೆ. ನನಗೆ ಬಿಡುಗಡೆ ಸಿಕ್ಕಿದ್ದು ಚಾಕಣದಲ್ಲಿ ಹೊಸ ಕಾರ್ಖಾನೆಗಳು ಬಂದು ಎರಡನೇ ಗಿರಾಕಿ ಸಿಕ್ಕಾಗ. ಬೆಂಚಿನಿಂದ ಎದ್ದೆ. ಕಾಯ್ದೆ ಬೇಡ ಎನ್ನುತ್ತಿಲ್ಲ, ಕೊಟ್ಟ ಮಾತಿಗೆ ತಪ್ಪಿದವನನ್ನು ಬೇಗ ಕೋರ್ಟಿಗೆ ಎಳೆಯುವ ವ್ಯವಸ್ಥೆ ಇಲ್ಲದಿದ್ದರೆ ಮುಕ್ತ ಮಾರುಕಟ್ಟೆ ಬಲಶಾಲಿಯ ಸಂತೆಯಾಗುತ್ತದೆ.

ಅದೇ ನ್ಯಾಯ ನನಗೂ ಅನ್ವಯಿಸಿತು. ಕೊಪ್ಪಳದ ಕಡೆಯ ಒಬ್ಬ ಹುಡುಗ ನನ್ನ ಬಳಿ ಕಸ ಗುಡಿಸುವುದರಿಂದ ಹಿಡಿದು ಸಿಎನ್‌ಸಿ ಯಂತ್ರ ನಡೆಸುವವರೆಗೆ ಕಲಿತ. ದೀಪಾವಳಿಯ ಮರುವಾರ ಬಂದು ನಿಂತು, "ಕಾಕಾ, ಮುಂದಿನ ತಿಂಗಳಿಂದ ನಾನು ಬರುವುದಿಲ್ಲ. ಎರಡು ಗಲ್ಲಿ ಆಚೆ ಶೆಡ್ ನೋಡಿದ್ದೇನೆ" ಎಂದ. ಪಗಾರ ಹೆಚ್ಚಿಸುತ್ತೇನೆ ಎಂದೆ. "ಪಗಾರದ ಮಾತಲ್ಲ ಕಾಕಾ" ಎಂದ. ಕಲಿಸಿದ್ದು ನಾನು, ಅನ್ನ ಹಾಕಿದ್ದು ನಾನು ಎಂಬ ಮಾತುಗಳು ಬಾಯಿಯವರೆಗೆ ಬಂದಿದ್ದವು. ಹಳ್ಳಿಯ ಗೌಡ ಆಳಿಗೆ ಹೇಳುವ ಮಾತುಗಳೇ ಅವು. ನುಂಗಿಕೊಂಡೆ. ಇಂದು ನನ್ನ ಮಗನಿಗಿಂತ ಕಡಿಮೆ ದರ ಹೇಳಿ ಅವನು ಕೆಲಸ ಹಿಡಿಯುತ್ತಾನೆ, ಮನೆಯಲ್ಲಿ ಈ ವಿಷಯ ಎತ್ತಿದರೆ ಊಟದ ರುಚಿ ಕೆಡುತ್ತದೆ.

ಇನ್ನು ಇಂದ್ರಾಯಣಿ ನದಿ. ಆಳಂದಿಯಲ್ಲಿ ನೊರೆ ತೇಲುವ ಚಿತ್ರಗಳನ್ನು ಪತ್ರಿಕೆಯಲ್ಲಿ ನೋಡಿರುತ್ತೀರಿ. ಊರಿನ ಚರಂಡಿ ನೀರು, ಕಾರ್ಖಾನೆಗಳ ನೀರು ಎರಡೂ ಅದರಲ್ಲಿವೆ. ಇದೂ ಮಾರುಕಟ್ಟೆಯೇ ಎಂದು ಕೇಳುತ್ತಾರೆ. ಪ್ಲೇಟಿಂಗ್, ಅಂದರೆ ಲೋಹದ ಲೇಪ, ಮಾಡುವವನಿಗೂ ಮಾಡಿಸುವವನಿಗೂ ಒಪ್ಪಂದವಾಗಿತ್ತು, ಮೂಗು ಮುಚ್ಚಿಕೊಂಡು ತೀರ್ಥ ತೆಗೆದುಕೊಳ್ಳುವ ವಾರಕರಿಯನ್ನು, ಆ ವಿಠ್ಠಲ ಭಕ್ತನನ್ನು, ಯಾರೂ ಕೇಳಿರಲಿಲ್ಲ. ಕೇಳದೆ ತೆಗೆದುಕೊಂಡದ್ದಕ್ಕೆ ವ್ಯಾಪಾರ ಎನ್ನುವುದಿಲ್ಲ. ದಂಡ ಹಾಕಿ, ಮುಚ್ಚಿಸಿ. ಈ ವಿಷಯದಲ್ಲಿ ನಾನು ಪಕ್ಕಾ ಸರ್ಕಾರದ ಪರ, ಸರ್ಕಾರವೇ ತನ್ನ ಪರ ಇಲ್ಲದಿರುವುದು ಬೇರೆ ಮಾತು.

ಇಲ್ಲಿಗೆ ಭಾಷಣ ನಿಲ್ಲಿಸಿದೆ. ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ದಾಖಲಿಸಲೇಬೇಕು. ನಿವೃತ್ತ ಶಿಕ್ಷಕಿಯೊಬ್ಬರು ಎದ್ದು, "ಎಲ್ಲ ಸರಿ, ಹಸಿದವನಿಗೆ ಬೇಡ ಎನ್ನಲು ಬರುತ್ತದೆಯೇ?" ಎಂದು ಕೇಳಿದರು.

ಬರುವುದಿಲ್ಲ ಎಂದೆ. ಹೊಟ್ಟೆ ಖಾಲಿ ಇರುವವನ ಒಪ್ಪಿಗೆಯನ್ನು ಒಪ್ಪಿಗೆ ಎಂದು ನಾನೂ ಕರೆಯುವುದಿಲ್ಲ. ಯಾರೂ ಅದಕ್ಕಿಂತ ಕೆಳಗೆ ಬೀಳದಂತೆ ಒಂದು ನೆಲ ಸಮಾಜ ಹಾಸಬೇಕು, ತೆರಿಗೆಯಿಂದಲೇ ಹಾಸಬೇಕು. ಹೇಗೆ ಹಾಸುತ್ತೇವೆ ಎಂಬುದು ಮುಖ್ಯ. ಮೊದಲು ಕಲಬುರಗಿಯ ಗಾರೆ ಕೆಲಸದವನು ಪುಣೆಗೆ ಬಂದರೆ ಅವನ ಪಡಿತರ ಊರಿನಲ್ಲೇ ಉಳಿಯುತ್ತಿತ್ತು. ಒಂದು ದೇಶ ಒಂದು ಪಡಿತರ ಚೀಟಿ ಬಂದ ಮೇಲೆ ಇಲ್ಲಿನ ಅಂಗಡಿಯಲ್ಲೂ ತೆಗೆದುಕೊಳ್ಳಬಹುದು. ತೂಕದಲ್ಲಿ ಮೋಸ ಮಾಡುವ ಅಂಗಡಿಯವನಿಗೆ ಅವನೂ ಈಗ 'ಬೇಡ' ಎನ್ನಬಲ್ಲ. 2023ರ ಜುಲೈಯಲ್ಲಿ ಕರ್ನಾಟಕದಲ್ಲಿ ಅಕ್ಕಿ ಸಿಗದಿದ್ದಾಗ ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಖಾತೆಗೆ ಹಾಕಿದರು. ಅನಿವಾರ್ಯಕ್ಕೆ ಮಾಡಿದ್ದಾದರೂ ನನಗೆ ಅದು ಹಿಡಿಸಿತು. ನಮ್ಮ ಕಡೆಯವರು ಜೋಳ ತಿನ್ನುವವರು, ಅಕ್ಕಿಯೇ ಏಕೆ ತಿನ್ನಬೇಕು?

ಶಿಕ್ಷಕಿ ಒಪ್ಪಲಿಲ್ಲ. "ಹಣ ಗಂಡಸಿನ ಕೈ ಸೇರುತ್ತದೆ. ಅಕ್ಕಿಯಾದರೆ ಪಾತ್ರೆ ಸೇರುತ್ತದೆ" ಎಂದರು. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಪಡಿತರ ಚೀಟಿಗೆ ಮನೆಯ ಹಿರಿಯ ಹೆಂಗಸೇ ಯಜಮಾನಿ, ಹಣ ಅವಳ ಖಾತೆಗೇ ಹೋಗಬೇಕು ಎಂದೆ. "ಎಟಿಎಂ ಕಾರ್ಡು ಯಾರ ಜೇಬಿನಲ್ಲಿರುತ್ತದೆ, ಸರ್?" ಎಂದು ಕೇಳಿದರು. ಲಕ್ಷ್ಮಿ ಮುಕ್ತಿಯ ಮಾತನ್ನು ನಾನೇ ಆಡಿದ್ದರಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ. ಅಕ್ಕಿಯೋ ಹಣವೋ ಎಂಬ ಆಯ್ಕೆಯನ್ನು ಆ ಯಜಮಾನಿಗೇ ಬಿಟ್ಟು, ಆರು ತಿಂಗಳಿಗೊಮ್ಮೆ ಬದಲಿಸಲು ಅವಕಾಶ ಕೊಡೋಣ ಎಂದೆ. ಹಾಗಾದರೆ ತಮ್ಮ ಮತ ಅಕ್ಕಿಗೆ ಎಂದು ಹೇಳಿ ಅವರು ಕುಳಿತರು.